ಟೀವಿಯ ಮಡಿ

ನರಹರಿರಾಯರು ಮೂವತ್ತು ವರ್ಷ ರಾಡಾರು ಮಾಡಿದವರೆಂದು ಹೈದರಾಬಾದಿನ ನಾಚಾರಂನ ಆ ಗಲ್ಲಿಯಲ್ಲಿ ಎಲ್ಲರೂ ನಂಬಿದ್ದರು. ನಂಬದವರು ಇಬ್ಬರೇ. ಒಬ್ಬರು ಅವರ ಹೆಂಡತಿ ಕಮಲಾಕ್ಷಿಬಾಯಿ, ಇನ್ನೊಬ್ಬರು ಸ್ವತಃ ನರಹರಿರಾಯರು. ನಿವೃತ್ತಿಯಾದ ಮೇಲೆ ಈ ಎರಡನೆಯವರ ಅಪನಂಬಿಕೆಯೂ ದಿನೇ ದಿನೇ ಕಡಿಮೆಯಾಗುತ್ತ ಬಂದಿತ್ತು.

ನಿಜ ಹೇಳಬೇಕೆಂದರೆ ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದರು. ಯಾರು ಎಷ್ಟು ಹೊತ್ತಿಗೆ ಬಂದರು, ತಡವಾಗಿ ಬಂದವರು ಯಾವ ಸುಳ್ಳು ಹೇಳಿದರು ಎಂದು ಬರೆದಿಡುವುದು ಕೆಲಸ. ರಾಡಾರಿನ ಪರದೆಗಳನ್ನು ಜೋಡಿಸುವ ಕೋಣೆ ಅವರ ಮೇಜಿನ ಎದುರಿಗೇ ಇತ್ತು, ನಡುವೆ ಒಂದು ಗಾಜಿನ ಗೋಡೆ. ಬೇಲಿಯಾಚೆಯ ಎಳೆ ಜೋಳವನ್ನು ಎಮ್ಮೆ ನೋಡುವಂತೆ ಅವರು ಆ ಕೋಣೆಯನ್ನು ನೋಡುತ್ತಲೇ ನೌಕರಿ ಮುಗಿಸಿದರು. ಒಳಗೆ ಒಂದು ಸಲವೂ ಕಾಲಿಟ್ಟವರಲ್ಲ. ಆದರೆ ಅಷ್ಟು ವರ್ಷ ಒಂದೇ ಹೊಲವನ್ನು ನೋಡಿದ ಎಮ್ಮೆಗೆ, ಇದನ್ನು ಉತ್ತು ಬಿತ್ತಿದವಳು ನಾನೇ ಎಂದು ಅನ್ನಿಸತೊಡಗಿದರೆ ಯಾರು ಏನು ಮಾಡಲಾದೀತು?

ಗಲ್ಲಿಯೆಂದರೆ ಲಿಂಗಸೂಗೂರು, ಸುರಪುರ, ಮಾನ್ವಿ ಕಡೆಯಿಂದ ಅಜ್ಜಂದಿರ ಕಾಲದಲ್ಲಿ ನೌಕರಿಗೆಂದು ಬಂದು ನೆಲೆ ನಿಂತ ಮನೆಗಳು. ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಒಲೆಯ ಮುಂದೆ ಕನ್ನಡ, ಜಗಳಕ್ಕೆ ಮೂರೂ. ಈ ಗಲ್ಲಿಗೊಂದು ಭಜನಾ ಮಂಡಳಿ. ಈ ಸಲದ ಶ್ರಾವಣದಲ್ಲಿ ಕನ್ನಡದ ಒಂದು ಭಕ್ತಿ ಚಾನೆಲ್ಲಿನವರು ಬಂದು ಮಂಡಳಿಯ ಹಾಡುಗಳನ್ನು ಚಿತ್ರೀಕರಿಸಿಕೊಂಡು ಹೋದರು. ಶನಿವಾರ ಸಂಜೆ ಆರಕ್ಕೆ ಪ್ರಸಾರ.

ಮಂಡಳಿಯ ಮುಖ್ಯ ಹಾಡುಗಾರ್ತಿ ಅಂಬುಬಾಯಿ, ನರಹರಿರಾಯರ ಸೋದರತ್ತೆ, ಅವರ ಮನೆಯಲ್ಲೇ ಇರುವವರು. ಎಂಬತ್ತರ ಹತ್ತಿರದ ಜೀವ. ಹುಟ್ಟಿದಾಗಿನಿಂದ ಹಾಡಿದವರು. ಆದರೆ ಕೃಷ್ಣೆಯ ದಂಡೆಯ ಅವರ ಹಳ್ಳಿಯಲ್ಲಿ ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಹಾಡಬೇಕಿತ್ತು, ಗಂಡಸರು ಪಡಸಾಲೆಯಲ್ಲಿ ಕುಳಿತು ತಲೆದೂಗಬೇಕಿತ್ತು. ಹಾಡುವಾಗ ತನ್ನ ಮುಖ ಹೇಗಿರುತ್ತದೆ ಎಂದು ಅವರು ಜನ್ಮದಲ್ಲಿ ಕಂಡಿರಲಿಲ್ಲ. “ಅಜ್ಜಿ, ಕೊನೆಯ ಹಾಡಿನಲ್ಲಿ ನಿಮ್ಮ ಮುಖವನ್ನೇ ಪರದೆ ತುಂಬ ಹಿಡಿದಿದ್ದೀನಿ” ಎಂದು ಕ್ಯಾಮೆರಾದವನು ಹೇಳಿ ಹೋದ ದಿನದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

“ನರಹರಿ, ನನ್ನ ಮಾರಿ ನಾ ನೋಡಬೇಕಪಾ. ಇಡೀ ಗಲ್ಲ್ಯಾಗ ನಿನ್ನ ಟೀವಿನ ದೊಡ್ಡದದ. ಅದರಾಗ ತೋರಸು. ಆಮ್ಯಾಲೆ ಯಮ ಬಂದ್ರೂ ಬರಲಿ.”

“ಅತ್ಯಾ, ಅದನ್ನ ನನಗ ಬಿಡ್ರಿ. ಸ್ಕ್ರೀನ್ ಅಂದ್ರ ನನ್ನ ವಿಷಯ.”

ಹೀಗೆ ಮಾತು ಕೊಟ್ಟಾಯಿತು. ಇನ್ನು ಮಾತು ಕೆಡಿಸುವ ಕೆಲಸ ಉಳಿದಿತ್ತು.

ಶನಿವಾರದ ಏರ್ಪಾಟು ಮಾತಾಡಲು ಮಂಡಳಿ ಅವರ ಮನೆಯಲ್ಲೇ ಸೇರಿತು. ಮಂಡಳಿಯ ಅಧ್ಯಕ್ಷರು ಪಕ್ಕದ ಮನೆಯ ಜಯತೀರ್ಥರಾಯರು. ಲೆಕ್ಕಪತ್ರದ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಈಗ ಗಲ್ಲಿಯಲ್ಲಿ ತಪ್ಪು ಹುಡುಕಿಕೊಂಡು ಕಾಲ ಕಳೆಯುತ್ತಿದ್ದರು. ಅವಲಕ್ಕಿ ಮುಗಿದ ಮೇಲೆ ಅವರು ಕೈ ಒರೆಸಿಕೊಳ್ಳುತ್ತ ಒಂದು ಪ್ರಶ್ನೆ ಎಸೆದರು.

“ನರಹರಿರಾಯರ, ನೀವು ತಿಳಿದವರು, ಹೇಳ್ರಿ. ನಮ್ಮ ಹೊಸ ಟೀವಿ ಮ್ಯಾಲೆ ಮೊಮ್ಮಕ್ಕಳು ಬೆಣ್ಣಿ ಕೈ ಹಚ್ಯಾರ. ಹಳೇ ಬನೀನಿಲೆ ಒರಸಿದ್ರ ನಡೀತದೇನು?”

ನರಹರಿರಾಯರು ಕಣ್ಣು ಮುಚ್ಚಿದರು. ಬನೀನು ಎಂಬ ಶಬ್ದ ಅವರ ಎದೆಗೆ ನಾಟಿದಂತೆ ಕಂಡಿತು.

“ಬನೀನು! ಜಯತೀರ್ಥರಾಯರ, ನಮ್ಮಲ್ಲೆ ಸ್ಕ್ರೀನ್ ಇರೋ ಖೋಲಿಯೊಳಗ ಹಂಗ ಹೋಗಂಗಿಲ್ಲ. ಮೊದಲ ಮೈ ಶುದ್ಧ ಆಗಬೇಕು. ಹೊರಗಿನ ಅರಿವಿ ಬಿಚ್ಚಿ, ಒಳಗಿಂದ ಅಂತ ತಗದಿಟ್ಟ ಬಿಳೀ ಅರಿವಿನ ತೊಡಬೇಕು. ಒಳಗ ಹೋದವರು ಹೊರಗಿನವರನ್ನ ಮುಟ್ಟಂಗಿಲ್ಲ. ನೀರು ಕುಡಿಲಿಕ್ಕೆ ಹೊರಗ ಬಂದ್ರ ಮುಗೀತು, ಮತ್ತ ಮೊದಲಿನಿಂದ ಶುದ್ಧ ಆಗೇ ಒಳಗ ಹೋಗಬೇಕು.”

ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಅಂಬುಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

“ಅಂದ್ರ ಮಡಿ ಅನ್ನಪಾ!”

ಅದು ಧೂಳಿನ ವಿಷಯ, ದೇವರ ವಿಷಯವಲ್ಲ ಎಂದು ಹೇಳಲು ನರಹರಿರಾಯರಿಗೆ ಒಂದು ಗಳಿಗೆ ಅವಕಾಶವಿತ್ತು. ಆದರೆ ಧೂಳಿನ ವಿಷಯ ಅವರಿಗೂ ಅಷ್ಟಕ್ಕಷ್ಟೇ. ಮೇಲಾಗಿ ಎಲ್ಲರ ಮುಖದಲ್ಲೂ ಹೊಸ ಭಕ್ತಿ ಮೂಡಿಬಿಟ್ಟಿತ್ತು. ತಾನಾಗಿ ಬಂದು ಕೊರಳಿಗೆ ಬಿದ್ದ ಹಾರವನ್ನು ತೆಗೆದು ಗೂಟಕ್ಕೆ ಹಾಕುವಷ್ಟು ದೊಡ್ಡ ಮನಸ್ಸು ಅವರದಾಗಿರಲಿಲ್ಲ.

“ಹೌದತ್ಯಾ. ಸರಕಾರದವರು ಇಂಗ್ಲಿಷಿನ್ಯಾಗ ಬ್ಯಾರೆ ಹೆಸರಿಟ್ಟಾರ. ಒಳಗಿನ ಮಾಲು ಮಡೀನ.”

“ನೋಡ್ರಿ ಮತ್ತ!” ಎಂದು ಜಯತೀರ್ಥರಾಯರು ತೊಡೆ ತಟ್ಟಿದರು. “ನಮ್ಮ ಹಿರ್‍ಯಾರಿಗೆ ಎಲ್ಲಾ ಗೊತ್ತಿತ್ತು. ರಾಡಾರ್ ಒಂದು ಮಾಡಿದ್ದಿಲ್ಲ, ಅಷ್ಟ.”

ಆಮೇಲೆ ವಿಧಾನ ತಾನೇ ತಾನಾಗಿ ಬೆಳೆಯಿತು. ಸ್ನಾನ ಮಾಡಿ ಮಡಿಯುಟ್ಟೇ ಪರದೆಯನ್ನು ಮುಟ್ಟಬೇಕು. ಒರೆಸಲು ಧಾಬಳಿ. ಈ ಉಣ್ಣೆಯ ಧಾಬಳಿ ಎಂದೂ ಮೈಲಿಗೆಯಾಗದ ವಸ್ತ್ರ, ಒಗೆಯದಿದ್ದರೂ ಮಡಿ. ಒಗೆಯದೆ ಎಷ್ಟು ಹೆಚ್ಚು ವರ್ಷವಾಗಿದೆಯೋ ಅಷ್ಟು ಹೆಚ್ಚು ಮಡಿ ಎಂಬ ನಂಬಿಕೆಯೂ ಆ ಗಲ್ಲಿಯಲ್ಲಿ ಇದ್ದಂತಿತ್ತು. ನೀರು ಬೇಕಾದರೆ ದೇವರ ಮುಂದಿನ ಪಂಚಪಾತ್ರೆಯದು, ಅದರೊಳಗಿನ ಪುಟ್ಟ ಸೌಟು ಉದ್ಧರಣೆಯಿಂದ ಮೂರು ಸಲ ಪ್ರೋಕ್ಷಣೆ.

ಕಮಲಾಕ್ಷಿಬಾಯಿ ಬಟ್ಟಲು ಎತ್ತಿಡುತ್ತ ಬಾಯಿ ಹಾಕಿದರು.

“ಟೀವಿ ತಂದಾಗ ಅಂಗಡಿಯಂವಾ ಹೇಳ್ಯಾನಲ್ರಿ. ಮೊದಲ ಬಂದ್ ಮಾಡ್ರಿ, ಬಿಸಿ ಆರಲಿ. ಕಣ್ಣಿನ ಚಾಳೀಸು ಒರಸೋಂಥಾ ಮೆತ್ತನ್ನ ಅರಿವೀಲೆ ಮೆಲ್ಲಕ ಒರಸ್ರಿ. ಕಲೆ ಹೋಗಲಿಲ್ಲ ಅಂದ್ರ ಅರಿವೀನ ಒಂದೀಟು ಹಸಿ ಮಾಡ್ಕೊಳ್ರಿ, ಟೀವಿ ಮ್ಯಾಲೆ ನೀರು ಹಾಕಬ್ಯಾಡ್ರಿ, ಒತ್ತಬ್ಯಾಡ್ರಿ ಅಂತ. ನಾ ದಿನಾ ಹಂಗ ಮಾಡ್ತೀನಿ.”

ಇಷ್ಟು ಸುಲಭವಾದ ಕೆಲಸಕ್ಕೆ ಮೂವತ್ತು ವರ್ಷದ ಅನುಭವ ಬೇಕಾಗುವುದಿಲ್ಲ ಎಂಬುದು ನರಹರಿರಾಯರಿಗೆ ತಕ್ಷಣ ಹೊಳೆಯಿತು. ಅದೇ ಅದರ ದೋಷ.

“ಅಂಗಡಿಯಂವಾ! ಅಂವಾ ಎಂದಾದ್ರೂ ರಾಡಾರ್ ಕಂಡಾನೇನು?”

“ನೀವು?” ಎಂದರು ಕಮಲಾಕ್ಷಿಬಾಯಿ, ಮೆಲ್ಲಗೆ.

ಅದೃಷ್ಟಕ್ಕೆ ಆ ಕ್ಷಣವೇ ಕುಕ್ಕರು ಕೂಗಿತು. ಕುಕ್ಕರು ಕೂಗಿದರೆ ಎದ್ದು ಹೋಗಬೇಕಾದವರು ಯಾರು ಎಂಬುದು ಆ ಮನೆಯಲ್ಲಿ ಮೊದಲೇ ನಿರ್ಧಾರವಾಗಿತ್ತು.

ಮರುದಿನ ಜಯತೀರ್ಥರಾಯರ ಮನೆಯಲ್ಲಿ ಪ್ರಾತ್ಯಕ್ಷಿಕೆ. ನರಹರಿರಾಯರು ಧಾಬಳಿಯನ್ನು ಮಡಚಿ, ಹಬ್ಬದ ಹಿಂದಿನ ದಿನ ಎತ್ತಿನ ಮೈ ತಿಕ್ಕುವಂತೆ ಟೀವಿಯ ಪರದೆಯನ್ನು ಮೇಲಿಂದ ಕೆಳಗೆ ತಿಕ್ಕಿದರು. ಉಣ್ಣೆ ಚಟಚಟನೆ ಸದ್ದು ಮಾಡಿತು. ಅವರ ಮುಂಗೈಯ ಕೂದಲೆಲ್ಲ ಎದ್ದು ನಿಂತವು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

“ಕೇಳಿದ್ರ್ಯಾ? ಮೈಲಿಗಿ ಸುಡ್ಲಿಕ್ಕತ್ತದ.”

ತಿಕ್ಕುವುದು ಮುಗಿಯಿತೋ ಇಲ್ಲವೋ, ಕೋಣೆಯಲ್ಲಿದ್ದ ಧೂಳೆಲ್ಲ ಹಾರಿ ಬಂದು ಪರದೆಗೆ ಅಂಟಿತು. ಕಣದಲ್ಲಿ ತೂರಿದ ಹೊಟ್ಟು, ಗಾಳಿ ತಿರುಗಿದಾಗ ತೂರಿದವನ ಮೈಮೇಲೇ ಬಂದು ಕೂರುವುದುಂಟಲ್ಲ, ಹಾಗೆ. ಟೀವಿ ಮೊದಲಿಗಿಂತ ಮಂಕಾಯಿತು.

“ಇದೇನ್ರೀ?” ಎಂದರು ಎದುರು ಮನೆಯ ಪಾರ್ವತೆಮ್ಮ. ಅವರು ತಮ್ಮ ಹಿತ್ತಾಳೆ ಸಾಮಾನು ತಿಕ್ಕುವ ಜೋರಿಗೆ ಗಲ್ಲಿಯಲ್ಲೇ ಹೆಸರಾದವರು.

“ಒಳಗಿನ ಹೊಲಸು ಹೊರಗ ಬರ್ಲಿಕ್ಕತ್ತದ ನೋಡ್ರಿ. ಇದು ಮೊದಲನೇ ಕೈ. ಶನಿವಾರ ಮುಂಜಾನೆ ಪೂರ್ಣ ವಿಧಾನ. ಪ್ರಸಾರ ನಾವು ನೋಡೋ ಹೊತ್ತಿಗೆ ಎಲ್ಲಾರ ಟೀವೀನೂ ಮಡಿ ಆಗಿರಬೇಕು.”

ಯಾರೂ ನಗಲಿಲ್ಲ. ಓದು ಬರಹ ಬಲ್ಲ, ಬೇಗಂ ಬಜಾರಿನ ವ್ಯಾಪಾರಿಗೆ ಟೋಪಿ ಹಾಕಿ ಬರಬಲ್ಲ ಜನ, ಅಷ್ಟೂ ಮಂದಿ ಗಂಭೀರವಾಗಿ ತಲೆಯಾಡಿಸಿದರು. ಜಯತೀರ್ಥರಾಯರು ಆ ವಿಧಾನವನ್ನು ಮಂಡಳಿಯ ವಾಟ್ಸಾಪಿಗೆ ಬರೆದು ಹಾಕಿ, ಕೆಳಗೆ ‘ರಕ್ಷಣಾ ಇಲಾಖೆಯ ಕ್ರಮ’ ಎಂದು ತಮ್ಮ ಕಡೆಯಿಂದ ಒಂದು ಸಾಲು ಸೇರಿಸಿದರು. ಲೆಕ್ಕಪತ್ರದವರು ಹಾಗೆ. ಯಾವ ಕಾಗದವನ್ನೂ ಸುಮ್ಮನೆ ಮುಂದೆ ಕಳಿಸುವವರಲ್ಲ.

ಶನಿವಾರ ಬೆಳಿಗ್ಗೆ ನರಹರಿರಾಯರು ಸ್ನಾನ ಮಾಡಿ ಮಾಳಿಗೆಗೆ ಹೋಗಿ ನೋಡುತ್ತಾರೆ, ಒಣಹಾಕಿದ್ದ ಮಡಿ ಪಂಚೆಯ ಮೇಲೆ ಪಾರಿವಾಳಗಳು ತಮ್ಮ ಕೆಲಸ ಮುಗಿಸಿ ಹೋಗಿದ್ದವು. ಹೈದರಾಬಾದಿನ ಪಾರಿವಾಳಕ್ಕೆ ಮಡಿಯೂ ಒಂದೇ, ಮೈಲಿಗೆಯೂ ಒಂದೇ. ಉಳಿದದ್ದು ಒಂದೇ ದಾರಿ, ಒದ್ದೆ ಮಡಿ. ಅವರು ಪಂಚೆಯನ್ನು ನೀರಿನಲ್ಲಿ ಅದ್ದಿ, ಅಷ್ಟಿಷ್ಟು ಹಿಂಡಿ, ಉಟ್ಟುಕೊಂಡು, ಹೆಜ್ಜೆಗೊಂದು ಕೆರೆ ಕಟ್ಟುತ್ತ ಹಾಲಿಗೆ ಬಂದರು. ಒಂದು ಕೈಯಲ್ಲಿ ಪಂಚಪಾತ್ರೆ, ಇನ್ನೊಂದರಲ್ಲಿ ಧಾಬಳಿ. ಟೀವಿಯಲ್ಲಿ ಒಬ್ಬ ಹೆಣ್ಣುಮಗಳು ವಾರ್ತೆ ಓದುತ್ತಿದ್ದಳು.

“ಬಂದ್ ಮಾಡಲ್ಯಾ?” ಎಂದು ಕಮಲಾಕ್ಷಿಬಾಯಿ ಕೇಳಿದರು.

ಸ್ವಿಚ್ಚು ಊರೆಲ್ಲ ಮುಟ್ಟುವ ವಸ್ತು, ಮಡಿಯಲ್ಲಿದ್ದವರು ಮುಟ್ಟುವಂತಿರಲಿಲ್ಲ. ಹೆಂಡತಿಗೆ ಹೇಳಿ ಆರಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಅಂಗಡಿಯವನ ಮಾತಿಗೆ ಒಪ್ಪಿಗೆ ಕೊಟ್ಟಂತಾಗುತ್ತಿತ್ತು.

“ಬ್ಯಾಡ. ನಮ್ಮಲ್ಲೆ ರಾಡಾರ್ ಎಂದೂ ಬಂದ್ ಮಾಡ್ತಿದ್ದಿಲ್ಲ. ಬಂದ್ ಮಾಡಿದ ಹೊತ್ತಿನಾಗ ಶತ್ರು ವಿಮಾನ ಬಂದ್ರ?”

“ಎಲ್ಲಿಗೆ, ನಾಚಾರಮ್ಮಿಗೆ?”

“ಎಲ್ಲಿಗರೆ ಬರಲಿ. ನಿನಗ ತಿಳಿಯೂದಿಲ್ಲ.”

ಕಮಲಾಕ್ಷಿಬಾಯಿ ಹೋಗಿ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತರು. ಟೀವಿಗಾಗಿ ಅಲ್ಲ, ತಮ್ಮ ಕುಂಕುಮಕ್ಕಾಗಿ.

ನರಹರಿರಾಯರು ವಾರ್ತೆ ಓದುವವಳ ನೆತ್ತಿಯ ಮೇಲೆ ಮೂರು ಉದ್ಧರಣೆ ನೀರು ಚೆಲ್ಲಿದರು. ನೀರು ಅವಳ ಹಣೆ, ಮೂಗು, ಗದ್ದ ದಾಟಿ, ಕೊರಳ ಸರದ ಮೇಲೆ ಹರಿದು, ಪರದೆಯ ಕೆಳ ಅಂಚಿಗೆ ಬಂದು ಸೇರಿತು. ಅಲ್ಲಿಂದ, ಮಳೆಯ ನೀರು ಬದುವಿನ ಇಲಿಬಿಲಕ್ಕೆ ಇಳಿಯುವಂತೆ, ಸದ್ದಿಲ್ಲದೆ ಒಳಗಿಳಿಯಿತು. ರಾಯರು ಹೆಣ್ಣುಮಗಳ ಮುಖದ ಮೇಲೇ ಕಣ್ಣಿಟ್ಟಿದ್ದರಿಂದ ಅಂಚು ಅವರಿಗೆ ಕಾಣಲಿಲ್ಲ. ಧಾಬಳಿಯಿಂದ ಗಸಗಸ ತಿಕ್ಕಿ ಹಿಂದೆ ಸರಿದು ನೋಡಿದರೆ ಪರದೆ ಒದ್ದೆಯಾಗಿ ಮಿರಮಿರ ಮಿಂಚುತ್ತಿತ್ತು.

“ಏನಾತು? ಏನರೆ ಆತೇನು?” ಎಂದು ಅವರು ಗೆದ್ದ ದನಿಯಲ್ಲಿ ಕೇಳಿದರು.

“ಇನ್ನೂ ಆಗಿಲ್ಲ” ಎಂದು ಕಮಲಾಕ್ಷಿಬಾಯಿ ನೆಲ ಒರೆಸತೊಡಗಿದರು.

ಸಂಜೆ ಹಾಲಿನಲ್ಲಿ ಜಮಖಾನ ಹಾಸಿತ್ತು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ನೆಲ, ದೇವರ ವಿಷಯದಲ್ಲಿ ಎಂದಿನಿಂದಲೂ ಅದೇ ವ್ಯವಸ್ಥೆ. ಎಲ್ಲರಿಗಿಂತ ಮುಂದೆ, ಒಂದು ಮಣೆಯ ಮೇಲೆ ಅಂಬುಬಾಯಿ. ತಾವು ಹಾಡಿದ್ದು ದೇವರ ಹಾಡು, ಅದನ್ನು ಮಡಿಯಲ್ಲೇ ನೋಡುವೆ ಎಂದು ಹಠ ಹಿಡಿದು ಎರಡನೆಯ ಸಲ ಸ್ನಾನ ಮಾಡಿ ಮಡಿಸೀರೆ ಉಟ್ಟು ಬಂದಿದ್ದರು. ಅವರಿಗೆ ತಗಲದಂತೆ ಸುತ್ತ ಒಂದು ಮೊಳ ಜಾಗ ಬಿಟ್ಟು ಉಳಿದವರು ಒತ್ತಿಕೊಂಡು ಕುಳಿತಿದ್ದರು.

ಆರು ಹೊಡೆಯಿತು. ಮಂಡಳಿ ಪರದೆಯ ಮೇಲೆ ಬಂತು. ಹಿಂದೆ ತಾಳ ಹಿಡಿದು ನಿಂತ ಗಂಡಸರು, ನಡುವೆ ಜಯತೀರ್ಥರಾಯರು. ಮುಂದೆ ನೆಲದ ಮೇಲೆ ಕುಳಿತ ಹೆಂಗಸರು, ನಡುವೆ ಅಂಬುಬಾಯಿ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಅಂಬುಬಾಯಿ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಮುಂದೆ ಬಾಗಿದರು.

ಅಷ್ಟರಲ್ಲಿ ಪರದೆಯ ಕೆಳಗಿನಿಂದ ಕಪ್ಪು ಏರತೊಡಗಿತು, ಕೆರೆಗೆ ಹೊಸ ನೀರು ಬರುವಂತೆ, ಅವಸರವಿಲ್ಲದೆ. ಮೊದಲು ಕೂತ ಹೆಂಗಸರ ಮಡಿಲು ಹೋಯಿತು, ಆಮೇಲೆ ಕೊರಳು, ಆಮೇಲೆ ಮುಖ. ಹಿಂದೆ ನಿಂತ ಗಂಡಸರು ಮಾತ್ರ ಉಳಿದರು. ಹೆಂಗಸರ ದನಿಗೆ ಗಂಡಸರು ಬಾಯಿ ತೆರೆಯುತ್ತಿರುವಂತೆ ಕಾಣುತ್ತಿತ್ತು.

“ನರಹರಿ, ನಾ ಎಲ್ಲೆ ಹೋದೆ?”

“ಅದು... ಒಣಗೋ ಕ್ರಮ ಅತ್ಯಾ. ಕೆಳಗಿಂದ ಮ್ಯಾಲಕ್ಕ ಒಣಗತದ.”

“ಇರಲಿ ಬಿಡ್ರಿ” ಎಂದರು ಜಯತೀರ್ಥರಾಯರು, ಪರದೆಯ ಮೇಲಿನ ತಮ್ಮನ್ನು ಕಣ್ತುಂಬ ನೋಡುತ್ತ. “ಮುಖ್ಯವಾದದ್ದು ಕಾಣಲಿಕ್ಕತ್ತದಲ್ಲ.”

ಮುಖ್ಯವಾದದ್ದು ಸೊಂಟದವರೆಗೆ ಮುಳುಗಿತು. ಎದೆಯವರೆಗೆ ಮುಳುಗಿತು. ಕೊನೆಗೆ ತಾಳ ಹಿಡಿದ ಎರಡು ಕೈ ಮಾತ್ರ ನೆರೆಯಲ್ಲಿ ಕೊಚ್ಚಿ ಹೋಗುವವನ ಕೈಗಳಂತೆ ಮೇಲೆ ಆಡಿ, ಅವೂ ಹೋದವು. ಹಾಡು ಮಾತ್ರ ಕಪ್ಪು ಪರದೆಯಿಂದ ಸೊಗಸಾಗಿ ಕೇಳಿ ಬರುತ್ತಿತ್ತು.

“ಇದು ಕ್ರಮ ಅಲ್ರೀ!” ಎಂದು ಜಯತೀರ್ಥರಾಯರು ಎದ್ದು ನಿಂತರು. “ಏಳ್ರಿ ಎಲ್ಲಾರೂ, ನಮ್ಮ ಮನಿಗೆ ನಡೀರಿ. ಅಂಬುಬಾಯಿ, ನಿಮ್ಮ ಕಡೀ ಹಾಡು ಇನ್ನೂ ಬಂದಿಲ್ಲ.”

“ನನ್ನ ಮೊಬೈಲಿನ್ಯಾಗ ಹಚ್ಚಲ್ಯಾ?” ಎಂದರು ಕಮಲಾಕ್ಷಿಬಾಯಿ.

“ಅಂಗೈಯಷ್ಟು ಡಬ್ಬ್ಯಾಗ ನಾ ಇರುವಿ ಕಂಡಂಗ ಕಾಣಸ್ತೀನಿ. ಪರದೆ ತುಂಬ ಅಂದಾನ ಅಂವಾ, ಪರದೆ ತುಂಬ!” ಅಂಬುಬಾಯಿ ಆಗಲೇ ಹೊಸ್ತಿಲು ದಾಟಿದ್ದರು.

ಆ ಚಾನೆಲ್ಲು ಬರುವ ಮನೆಗಳು ಗಲ್ಲಿಯಲ್ಲಿ ಇನ್ನು ಎರಡೇ, ಜಯತೀರ್ಥರಾಯರದು ಮತ್ತು ಪಾರ್ವತೆಮ್ಮನದು. ಅಂಬುಬಾಯಿ ಬರಿಗಾಲಲ್ಲಿ ನಡೆದರು. ಅವರಿಗೆ ಸೋಂಕದಂತೆ ಸುತ್ತ ಬಳೆಯಂತೆ ಜಾಗ ಬಿಟ್ಟು ಗುಂಪು ನಡೆಯಿತು. ನರಹರಿರಾಯರು ಉಪರಣೆ ಹೊದ್ದು ಎಲ್ಲರ ಹಿಂದೆ ಬಂದರು. ಅವರ ಕೊರಳ ಹಾರ ಈಗ ಕಣ್ಣಿಯಾಗಿತ್ತು.

ಜಯತೀರ್ಥರಾಯರ ಟೀವಿ ಹಚ್ಚಿದಾಗ ಪರದೆಯ ತುಂಬ ಗೀರು, ಅವುಗಳ ಹಿಂದೆ ಬೆಳಗಿನ ಮಂಜಿನಲ್ಲಿ ದನ ಮೇಯುವಂತೆ ಏನೇನೋ ಬಿಳಿ ಬಿಳಿ ಅಲುಗಾಡಿತು.

“ಇದರಾಗ ನಾ ಯಾರು?” ಎಂದರು ಅಂಬುಬಾಯಿ.

“ಆ ಬಿಳೇದು ನೀವ್ರಿ” ಎಂದರು ಜಯತೀರ್ಥರಾಯರು.

“ಎಲ್ಲಾ ಬಿಳೇದ ಅದಲ್ಲೋ!”

ನರಹರಿರಾಯರಿಗೆ ತಮ್ಮ ಜೀವ ಮರಳಿ ಬಂದಂತಾಯಿತು. “ಜಯತೀರ್ಥರಾಯರ, ಇದಕ್ಕ ಏನು ಹಚ್ಚಿದ್ರಿ ನೀವು?”

ಜಯತೀರ್ಥರಾಯರು ಗಂಟಲು ಸರಿಮಾಡಿಕೊಂಡರು. ಇನ್ನೊಬ್ಬರು ಹೇಳಿದ್ದನ್ನು ಹೇಳಿದಷ್ಟೇ ಮಾಡುವುದು ಅವರ ಅಧ್ಯಕ್ಷಗಿರಿಗೆ ಒಗ್ಗಿರಲಿಲ್ಲ. “ಬರೇ ನೀರಿಗೆ ಬೆಣ್ಣಿ ಕಲೆ ಹೋಗಲಿಲ್ಲ. ಒಂದೀಟು ಗೋಪೀಚಂದನ ತೇದು ಹಚ್ಚಿದೆ. ನಾವು ದಿನಾ ಹಣಿಗೆ ಹಚ್ಚತೀವಿ, ಹಣಿಗೆ ಎಂದಾದ್ರೂ ಗೀರು ಬಿದ್ದಾವೇನು?”

“ಹಣಿ ಮ್ಯಾಲೆ ಯಾರೂ ತಿಕ್ಕೂದಿಲ್ಲರೀ!”

“ಒಣಗಿದ ಮ್ಯಾಲೆ ತಿಕ್ಕಬೇಕಾತು. ಧಾಬಳೀಲೆ. ನಿಮ್ಮದ ವಿಧಾನ!”

ಮಣ್ಣು ಹಚ್ಚಿ, ಒಣಗಿಸಿ, ಉಣ್ಣೆಯಿಂದ ತಿಕ್ಕಿದರೆ ಹಿತ್ತಾಳೆಯ ಹರಿವಾಣ ಬೆಳಗುತ್ತದೆ, ನಿಜ. ಟೀವಿ ಹರಿವಾಣವಲ್ಲ ಎಂಬುದನ್ನು ಲೆಕ್ಕಪತ್ರದ ದೊಡ್ಡ ಹುದ್ದೆಯಲ್ಲಿದ್ದವರಿಗೆ ಯಾರು ಹೇಳಬೇಕಿತ್ತು?

“ಬಾಯಿ ಜಗಳ ಆಮ್ಯಾಲೆ” ಎಂದರು ಅಂಬುಬಾಯಿ. “ಮೂರನೇ ಹಾಡು ಮುಗೀತು. ಪಾರ್ವತೆಮ್ಮ, ನಿನ್ನ ಟೀವಿ ಹ್ಯಾಂಗದ?”

ಪಾರ್ವತೆಮ್ಮ ಸೆರಗು ಹೊದ್ದು ತಲೆ ತಗ್ಗಿಸಿ ಮುಂದೆ ನಡೆದರು. ಅದೊಂದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಅವರ ಮನೆಯ ಟೀವಿಯ ಬಲಗಡೆಯ ಮೇಲಿನ ಮೂಲೆಯಲ್ಲಿ ಜೇಡರ ಬಲೆಯಂಥ ಬಿರುಕು. ಅಲ್ಲಿಂದ ಕೆಳಗಿನವರೆಗೆ ಕೆಂಪು, ಹಸಿರು, ನೀಲಿ ಪಟ್ಟೆಗಳು. ಇಳಕಲ್ ಸೀರೆಯನ್ನು ಉದ್ದಕ್ಕೆ ನೇತುಹಾಕಿದಂತಿತ್ತು. ಪಟ್ಟೆಗಳ ಹಿಂದೆ ಎಲ್ಲೋ ಮಂಡಳಿ ಹಾಡುತ್ತಿತ್ತು.

“ಮೂಲ್ಯಾಗ ಒಂದು ಕಲೆ ಇತ್ರೀ” ಎಂದು ಪಾರ್ವತೆಮ್ಮ ಅಳುದನಿಯಲ್ಲಿ ಹೇಳಿದರು. “ಎಷ್ಟು ತಿಕ್ಕಿದ್ರೂ ಹೋಗವಲ್ದು. ಧಾಬಳಿಯೊಳಗ ಹೆಬ್ಬಟ್ಟು ಇಟ್ಟು ಒತ್ತಿದೆ.”

ನರಹರಿರಾಯರು ಆ ಮೂಲೆಯನ್ನೇ ನೋಡಿದರು. “ಪಾರ್ವತೆಮ್ಮ, ತಿಕ್ಕುವಾಗ ಟೀವಿ ಚಾಲೂ ಇತ್ತೇನು?”

“ಇತ್ತಲ್ರೀ. ಬಂದ್ ಮಾಡಿದ್ರ ಶತ್ರು ಬರತಾನ ಅಂತ ನೀವು ಮುಂಜಾನೆ ಅಂದದ್ದು ನಮ್ಮ ಮನೀತನಕಾ ಕೇಳಸ್ತಲ್ಲ.”

“ಅಯ್ಯೋ, ಅದು ಕಲೆ ಅಲ್ರೀ, ಚಾನೆಲ್ಲಿನ ಗುರುತು!”

“ಹಾಂ! ಅದಕ್ಕ ಮತ್ತ, ಚಾನೆಲ್ ಬದಲಿ ಮಾಡಿದಾಗೆಲ್ಲಾ ಕಲೇನೂ ಬದಲಿ ಆಗ್ತಿತ್ತು! ನಾ ಇದೇನು ಜೀವಂತ ಹೊಲಸು ಅಂತ ಇನ್ನಷ್ಟು ಒತ್ತಿದೆ.”

ಗುಂಪು ಮತ್ತೆ ಬೀದಿಗೆ ಬಂತು. ಹೋಗಲು ಮನೆ ಉಳಿದಿರಲಿಲ್ಲ. ಎಲ್ಲರೂ ತಿರುಗಿ ನರಹರಿರಾಯರ ಕಡೆ ನೋಡಿದರು.

“ಯಾವ ರಾಡಾರ್ ರೀ ನಿಮ್ಮದು?” ಎಂದು ಜಯತೀರ್ಥರಾಯರು ಕೈಯೆತ್ತಿದರು. “ಮೂವತ್ತು ವರ್ಷ ಹಿಂಗ ಒರಸಿದ್ರ ದೇಶದ ಗತಿ ಏನಾಗಿರಬೇಕು?”

“ದೇಶಕ್ಕ ಏನೂ ಆಗಿಲ್ಲ ಜಯತೀರ್ಥರಾಯರ, ಅಂಜಬ್ಯಾಡ್ರಿ” ಎಂದರು ಕಮಲಾಕ್ಷಿಬಾಯಿ, ಬಿಸಿಲು ಭಾಳ ಇತ್ತು ಇವತ್ತು ಎನ್ನುವಷ್ಟು ಸಾದಾ ದನಿಯಲ್ಲಿ. “ಇವರು ಟೈಮ್ ಆಫೀಸಿನ್ಯಾಗ ಇದ್ರು. ಆ ಖೋಲಿ ಒಳಗ ಒಂದಿನಾನೂ ಹೋಗಿಲ್ಲ.”

ನರಹರಿರಾಯರು ಹೆಗಲ ಉಪರಣೆಯನ್ನು ಸರಿಮಾಡಿಕೊಂಡರು.

“ಗಾಜಿನಾಗಿಂದ ಎಲ್ಲಾ ಕಾಣತಿತ್ತು” ಎಂದರು.

“ನನಗ ಏನೂ ಕಾಣಲಿಲ್ಲಲೋ ನರಹರಿ!” ಅಂಬುಬಾಯಿಯ ದನಿ ಒಡೆಯಿತು. ಅವರು ಬೈಯಲಿಲ್ಲ. ಬೈದಿದ್ದರೆ ನರಹರಿರಾಯರಿಗೆ ಹಗುರಾಗುತ್ತಿತ್ತು. “ಜನ್ಮೆಲ್ಲಾ ಬಾಗಲ ಹಿಂದ ನಿಂತು ಹಾಡಿದೆ. ಈಗ ಎದುರಿಗೆ ಕೂತು ಹಾಡಿದೆ ಅಂದ್ರ ಅಲ್ಲೀನೂ ಬಾಗಲಾ ಹಾಕಿಬಿಟ್ಯಲ್ಲೋ.”

ಆಗ ಗಲ್ಲಿಯ ಮೂಲೆಯಿಂದ ಕೂಗು ಕೇಳಿತು. ಕಟಿಂಗ್ ಅಂಗಡಿಯ ಮಲ್ಲಣ್ಣ ಒಂದು ಕೈಯಲ್ಲಿ ಕ್ಷೌರದ ಕತ್ತಿ, ಇನ್ನೊಂದರಲ್ಲಿ ಸಾಬೂನು ಬುರುಗಿನ ಬ್ರಷ್ಷು ಹಿಡಿದು ಬೀದಿಗೆ ಓಡಿ ಬಂದಿದ್ದ. ರಾಯಚೂರಿನ ಕಡೆಯವನು, ಅಂಗಡಿಯಲ್ಲಿ ಇಡೀ ದಿನ ಕನ್ನಡ ಚಾನೆಲ್ಲು ಹಚ್ಚುವವನು.

“ಅಮ್ಮಾರೆ! ಅಂಬವ್ವಾರೆ! ನೀವು ಟೀವಿಯಾಗ ಬಂದೀರಿ! ಜಲ್ದಿ ಬರ್ರಿ, ನಮ್ಮ ದುಕಾನ್‌ನ್ಯಾಗ ಹಾಡಾಕತ್ತೀರಿ!”

ಅಂಬುಬಾಯಿ ಆ ಕಡೆ ಹೊರಟರು. ಜಯತೀರ್ಥರಾಯರು ಅಡ್ಡ ಬಂದರು. ಅಧ್ಯಕ್ಷರಾದವರು ಇಂಥ ಹೊತ್ತಿಗೇ ಎಚ್ಚರವಾಗಿರಬೇಕು.

“ಅಂಬುಬಾಯಿ, ಏನು ಮಾಡ್ಲಿಕ್ಕತ್ತೀರಿ? ಮಡೀಲೆ ಇದ್ದೀರಿ ನೀವು. ಕ್ಷೌರದ ಅಂಗಡ್ಯದು! ನೆಲದ ತುಂಬ ಊರ ಮಂದಿ ಕೂದಲಾ.”

“ಸರಿಯೋ ಆಚೆ. ಮೂರು ಮನಿ ಮಡಿ ನೋಡಿ ಬಂದೆ.”

ಒಂದು ಗಲ್ಲಕ್ಕೆ ಬುರುಗು ಬಳಿಸಿಕೊಂಡು ಕುಳಿತಿದ್ದ ಗಿರಾಕಿ ಮುದುಕಿಯ ಮುಖ ನೋಡಿದ್ದೇ ಕುರ್ಚಿ ಬಿಟ್ಟು ಎದ್ದ. ಅಂಬುಬಾಯಿ ಸೀರೆಯ ಅಂಚನ್ನು ಒಂದಿಷ್ಟು ಎತ್ತಿ, ಕರಿ ಬಿಳಿ ಕೂದಲ ರಾಶಿಗಳ ನಡುವೆ ದಾಟಿ, ಆ ತಿರುಗುವ ಕುರ್ಚಿಯಲ್ಲಿ ಕುಳಿತರು. ಮಲ್ಲಣ್ಣ ಕುರ್ಚಿಯನ್ನು ಟೀವಿಯ ಕಡೆ ತಿರುಗಿಸಿ, ಅಭ್ಯಾಸಬಲದಿಂದ ಅವರ ಕೊರಳಿಗೆ ಬಟ್ಟೆ ಕಟ್ಟಲು ಹೋಗಿ ತಡೆದುಕೊಂಡ. ಮಂಡಳಿಯವರು ಬಾಗಿಲಲ್ಲಿ ಮುಗಿಬಿದ್ದರು. ಒಳಗೆ ಬರಲೊಲ್ಲರು, ಬಿಟ್ಟು ಹೋಗಲೂ ಒಲ್ಲರು.

ಆ ಟೀವಿಯನ್ನು ಕೊಂಡ ದಿನದಿಂದ ಯಾರೂ ಒರೆಸಿದಂತೆ ಕಾಣಲಿಲ್ಲ. ಮೇಲೆ ಪೌಡರಿನ ಪದರ, ಎಣ್ಣೆ ಕೈಯ ಗುರುತು, ಅಲ್ಲಲ್ಲಿ ಅಂಟಿದ ಕೂದಲಿನ ತುಣುಕು. ಮಲ್ಲಣ್ಣ ಶುದ್ಧ ಸೋಮಾರಿ. ಅಷ್ಟಾಗಿಯೂ, ಅಷ್ಟೆಲ್ಲದರ ಹಿಂದೆ, ಕೊನೆಯ ಹಾಡು ಬರುತ್ತಿತ್ತು. ಪರದೆ ತುಂಬ ಒಂದೇ ಮುಖ. ಸುಕ್ಕುಗಟ್ಟಿದ ಗಲ್ಲ, ಅರೆ ಮುಚ್ಚಿದ ಕಣ್ಣು, ಸ್ವರ ಏರುವಾಗ ಚಿಕ್ಕ ಹುಡುಗಿಯ ಹಾಗೆ ಮೇಲೇಳುವ ಹುಬ್ಬು. ಅಂಬುಬಾಯಿ ಕುರ್ಚಿಯ ಎರಡೂ ತೋಳು ಗಟ್ಟಿಯಾಗಿ ಹಿಡಿದು, ತಮ್ಮನ್ನೇ ತಾವು, ಊರಿನಿಂದ ಬಂದ ನೆಂಟರನ್ನು ನೋಡುವಂತೆ ನೋಡುತ್ತಿದ್ದರು.

ಮುಖದ ಮೂಗಿನ ತುದಿಗೆ ಸರಿಯಾಗಿ ಒಂದು ಬುರುಗಿನ ಹನಿ ಒಣಗಿ ಕುಳಿತಿತ್ತು.

“ಅದೊಂದು ಚುಕ್ಕಿ ಅಡ್ಡ ಬರ್ಲಿಕ್ಕತ್ತದ” ಎಂದರು ಜಯತೀರ್ಥರಾಯರು ಬಾಗಿಲಿನಿಂದ. “ಯಾರರೆ ಒರಸ್ರಿ.”

ಒರೆಸುವುದು ಎಂದರೆ ತಮ್ಮ ವಿಷಯವೆಂದು ನರಹರಿರಾಯರ ಕೈಗೆ ಇನ್ನೂ ಅನ್ನಿಸುತ್ತಿತ್ತು. ಕಳೆದ ಮಾನವೆಲ್ಲ ಈ ಒಂದು ಚುಕ್ಕಿಯಲ್ಲಿ ಮರಳಿ ಬರಬಹುದೆಂಬ ಆಸೆ. ಅವರು ಅಂಗಡಿಯೊಳಗೆ ನುಗ್ಗಿ, ನಲ್ಲಿಯಡಿ ಉಪರಣೆಯ ತುದಿಯನ್ನು ತೋಯಿಸಿ, ಟೀವಿಯ ಕಡೆ ಕೈ ಚಾಚಿದರು.

“ಮುಟ್ಟಬ್ಯಾಡಲೇ!”

ಅಂಥ ಸ್ವರವನ್ನು ಮಂಡಳಿಯವರು ಇಷ್ಟು ವರ್ಷದಲ್ಲಿ ಅಂಬುಬಾಯಿಯ ಬಾಯಿಂದ ಕೇಳಿರಲಿಲ್ಲ. ಟೀವಿಯ ಅಂಬುಬಾಯಿಯೂ ಒಂದು ಗಳಿಗೆ ನಿಂತಂತಾಯಿತು.

“ಮಲ್ಲಣ್ಣ, ಇವನ ಕೈ ಹಿಡಿ!”

ಮಲ್ಲಣ್ಣ ಹಿಡಿದ. ಇನ್ನೊಂದು ಕೈಯಲ್ಲಿ ಕತ್ತಿ ಇದ್ದುದರಿಂದ ನರಹರಿರಾಯರು ಚರ್ಚೆಗೆ ಹೋಗಲಿಲ್ಲ. ಹಾಗೆಯೇ, ಉಪರಣೆಯಿಂದ ನೀರು ತೊಟ್ಟಿಕ್ಕಿಸುತ್ತ, ಹಾಡು ಮುಗಿಯುವವರೆಗೆ ನಿಂತರು.

ಹಾಡು ಮುಗಿಯಿತು. ಅಂಬುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯಿಂದ ಇಳಿದರು.

“ಇದು ಮತ್ತ ತೋರಸ್ತಾರೇನಪಾ?”

“ಮುಂದಿನ ಶನಿವಾರ ಮತ್ತ ಐತಂತ್ರಿ ಅಮ್ಮಾರೆ. ಈಗ ಹೇಳಿದ್ರು ನೋಡ್ರಿ.”

“ಹಂಗಾರ ಆ ಹೊತ್ತಿಗೆ ಈ ಕುರ್ಚಿ ನನಗ ತೆಗೆದಿಡು. ಮತ್ತ, ಈ ನರಹರಿ ಬಂದ್ರ ಬ್ಯಾಡ ಅನಬ್ಯಾಡ, ಕೂಡಿಸಿ ಚಲೋತ್ನಾಗಿ ಕ್ಷೌರ ಮಾಡಿ ಕಳಸು” ಎಂದು ಅಂಬುಬಾಯಿ ಹೊಸ್ತಿಲು ದಾಟುತ್ತ ತಿರುಗಿ ನೋಡಿದರು. “ಟೀವಿ ಕಡೆ ಮಾತ್ರ ಹಾಯಗೊಡಬ್ಯಾಡ.”